ಹಂದಿಕತ್ತಿಯ ಮೇಲಿನ ಮೂರು ಗೆರೆ

ನಾನು ಇಪ್ಪತ್ತೈದು ವರ್ಷ ಮಾಡಿದ ಕೆಲಸದ ಹೆಸರು ನೇಮಕಪತ್ರದಲ್ಲಿ ‘ಸಂರಕ್ಷಣಾ ಸಹಾಯಕಿ’ ಎಂದಿತ್ತು. ನೆರೆಮನೆಯವರು ಮಾತ್ರ, ‘ವನಜನಿಗೆ ಮ್ಯೂಸಿಯಮ್ಮಿನಲ್ಲಿ ಪಾತ್ರೆ ಉಜ್ಜುವ ಕೆಲಸ’ ಎನ್ನುತ್ತಿದ್ದರು. ಮೊದಲ ವರ್ಷಗಳ ಮಟ್ಟಿಗೆ ಅವರು ಹೇಳಿದ್ದೇ ಹೆಚ್ಚು ಸರಿ. ಹಿತ್ತಾಳೆ ದೀಪ, ಎಲೆಅಡಿಕೆ ಪೆಟ್ಟಿಗೆ, ಸೇರು, ಪಾವು, ಬೀಗ, ಅಡಕತ್ತರಿ, ಯಾವ ಮನೆಯಲ್ಲಿ ಯಾವುದು ಬೇಡವಾಯಿತೋ ಅದು ಮೂಡುಬಿದಿರೆಯ ನಮ್ಮ ಸಣ್ಣ ಸಂಗ್ರಹಾಲಯಕ್ಕೆ ಬರುತ್ತಿತ್ತು. ನಾನು ಹಿಂದಿನ ಜಗಲಿಯ ನಲ್ಲಿಯ ಹತ್ತಿರ ಸ್ಟೂಲಿನ ಮೇಲೆ ಕುಳಿತು ಅವುಗಳನ್ನು ತೊಳೆಯುತ್ತಿದ್ದೆ. ಅದೇ ನಮ್ಮ ಪ್ರಯೋಗಾಲಯ.

ಈಗ ಅಲ್ಲಿಗೆ ಹೊಸಬರು ಸೇರಿದ್ದಾರೆ. ಈ ವಿದ್ಯೆಯನ್ನೇ ಓದಿ ಬಂದವರು. ರಾಸಾಯನಿಕಗಳ ವಿಷಯದಲ್ಲಿ ನಾನು ಅವರಿಗೆ ಹೇಳಿಕೊಡುವಂಥದ್ದು ಏನೂ ಇಲ್ಲ. ನನಗೆ ಸಿಕ್ಕಿದ ಒಂದೇ ಒಂದು ಬಡ್ತಿಯ ಬಗ್ಗೆ ಬರೆಯಲಿಕ್ಕೂ ಏನಿಲ್ಲ. ಒಂದು ಕತ್ತಿಯ ಬಗ್ಗೆ ಬರೆಯುತ್ತೇನೆ. ಅದನ್ನು ಹಾಳುಮಾಡಿದವಳು ನಾನು.

ಸಂಗ್ರಹಾಲಯಕ್ಕೆ ಸೇರುವ ಮೊದಲು ನಾನು ಹನ್ನೊಂದು ವರ್ಷ ಒಂದು ಕಾಲೇಜಿನ ರಸಾಯನಶಾಸ್ತ್ರ ವಿಭಾಗದಲ್ಲಿ ಪ್ರಯೋಗಾಲಯದ ಕೆಲಸದಲ್ಲಿದ್ದೆ. ಯಾವ ಆ್ಯಸಿಡ್ ಯಾವ ತುಕ್ಕನ್ನು ತಿನ್ನುತ್ತದೆ ಎಂದು ಗೊತ್ತಿತ್ತು. ಅಷ್ಟು ಸಾಕು ಎಂದು ಕ್ಯುರೇಟರ್ ಪದ್ಮರಾಜ ಸರ್ ನನ್ನನ್ನು ತೆಗೆದುಕೊಂಡರು. ಸರ್ ಒಳ್ಳೆಯ ಮನುಷ್ಯ. ಒಂದು ಹಳೆ ಗಂಟೆ ಸಿಗುತ್ತದೆಂದರೆ ಬಿಸಿಲಲ್ಲಿ ಆರು ಮೈಲಿ ನಡೆಯುವವರು. ಆದರೆ ಅವರಿಗೆ ವಸ್ತು ಮಿಂಚಬೇಕು. ‘ಜನ ಧೂಳು ನೋಡ್ಲಿಕ್ಕೆ ಟಿಕೆಟ್ ತೆಗೆಯುವುದಿಲ್ಲ ವನಜ’ ಎಂದು ದಿನಕ್ಕೆ ಒಮ್ಮೆಯಾದರೂ ಹೇಳುತ್ತಿದ್ದರು.

ನಾನು ಸೇರಿದ ಎರಡನೇ ವರ್ಷ ಮಡಂತ್ಯಾರಿನಿಂದ ಸಂಜೀವ ಶೆಟ್ಟರು ಬಂದರು. ಹಳೆ ಮನೆಯ ಅಟ್ಟ ಬಿಚ್ಚಿ ತಾರಸಿ ಹಾಕಿಸುವಾಗ ಸಿಕ್ಕಿತು ಎಂದು, ಬೈರಾಸಿನಲ್ಲಿ, ಹೆಗಲ ಮೇಲಿನ ಪಂಚೆಯಲ್ಲಿ, ಸುತ್ತಿದ ಒಂದು ಕತ್ತಿಯನ್ನು ಮೇಜಿನ ಮೇಲೆ ಇಟ್ಟರು.

“ನಮ್ಮ ಅಜ್ಜ ಹಂದಿ ಬೇಟೆಗೆ ಹೋಗ್ತಾ ಇದ್ದದ್ದು ಇದರಲ್ಲೇ. ಅರಸರ ಕಡೆಯಿಂದ ಬಂದ ಕತ್ತಿ ಅಂತ ನಮ್ಮಲ್ಲಿ ಹೇಳುವುದುಂಟು” ಎಂದರು.

ಪದ್ಮರಾಜ ಸರ್ ಕುರ್ಚಿಯಿಂದ ಎದ್ದೇ ಬಿಟ್ಟರು.

ಆ ಕತ್ತಿ ಹೇಗಿತ್ತು ಎಂದು ಹೇಳಬೇಕು. ಹಿಡಿ ಬಿಟ್ಟು ಅಲಗು ಮೊಳಕೈಯಿಂದ ಬೆರಳ ತುದಿಯವರೆಗಿನಷ್ಟು ಉದ್ದ. ಹಿಡಿಯ ಹತ್ತಿರ ಬೆನ್ನು ಕಿರುಬೆರಳಷ್ಟು ದಪ್ಪ. ಮುಂದೆ ಹೋದಂತೆ ತೆಳ್ಳಗಾಗುತ್ತದೆ. ಹಿಡಿ ದಾಟಿದ ಮೇಲೆ ಅಲಗು ಸ್ವಲ್ಪ ಸೊಂಟ ಸಣ್ಣ ಮಾಡಿಕೊಂಡು, ಆಮೇಲೆ ಹೊಟ್ಟೆ ಬಿಟ್ಟು, ಕೊನೆಗೆ ಚೂಪಾಗಿ ಮುಗಿಯುತ್ತದೆ. ತುದಿಯ ನಾಲ್ಕು ಬೆರಳಿನಷ್ಟು ಭಾಗಕ್ಕೆ ಬೆನ್ನಿನ ಕಡೆಯೂ ಹರಿತ ಉಂಟು. ಎರಡೂ ಮಗ್ಗುಲಿನಲ್ಲಿ ಉದ್ದಕ್ಕೆ ಒಳಗೆ ತಗ್ಗಿದ ಒಂದೊಂದು ತೋಡು. ಹಿಡಿ ಬೀಟೆಮರದ್ದು, ಅದರ ತಲೆಗೆ ಹಿತ್ತಾಳೆಯ ಟೊಪ್ಪಿ. ಕೈಯಲ್ಲಿ ಹಿಡಿದರೆ ಭಾರವೆಲ್ಲ ಮುಂದಕ್ಕೆ ಎಳೆಯುತ್ತಿತ್ತು.

ಇಷ್ಟನ್ನು ಈಗ ಬರೆಯಬಲ್ಲೆ. ಆಗ ನಾನು ನೋಡಿದ್ದು ಒಂದೇ, ತುಕ್ಕು.

“ಬರುವ ಸೋಮವಾರ ಹೊಸ ಕೋಣೆಯ ಉದ್ಘಾಟನೆ ಉಂಟು. ಅಷ್ಟರಲ್ಲಿ ಇದು ಕನ್ನಡಿಯ ಹಾಗೆ ಆಗ್ಬೇಕು” ಎಂದರು ಸರ್.

ನಾನು ಅಲಗನ್ನು ಆ್ಯಸಿಡ್ಡಿನಲ್ಲಿ ಮಲಗಿಸಿದೆ, ತೆಗೆದು ಬ್ರಷ್ ಹಾಕಿದೆ, ಪಾಲಿಶ್ ಪೇಪರ್ ಹಿಡಿದೆ. ಮೊದಲು ದೊರಗಿನದು, ಆಮೇಲೆ ನುಣುಪಿನದು. ಎಡ ಮಗ್ಗುಲಿನಲ್ಲಿ, ಹಿಡಿಯಿಂದ ಎರಡು ಬೆರಳು ಆಚೆ, ಕೆಲವು ಅಡ್ಡಗೆರೆಗಳಿದ್ದವು. ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಯಾರೋ ಕಲ್ಲಿಗೆ ಹೊಡೆದು ಮಾಡಿದ ಗಾಯ ಇರಬೇಕು ಎಂದುಕೊಂಡು ಅಲ್ಲಿ ಮಾತ್ರ ಪೇಪರನ್ನು ಮರದ ತುಂಡಿಗೆ ಸುತ್ತಿ, ಭಾರ ಹಾಕಿ, ಒಂದು ಇಡೀ ಮಧ್ಯಾಹ್ನ ತಿಕ್ಕಿದೆ. ಹೋಯಿತು. ನನಗೆ ಎಷ್ಟು ಸಂತೋಷವಾಯಿತೆಂದರೆ ಸರ್ ಅವರನ್ನು ಕರೆದು ತೋರಿಸಿದೆ. ರಿಜಿಸ್ಟರಿನಲ್ಲಿ ‘ಗುರುತು’ ಎಂಬ ಕಾಲಮ್ಮಿನ ಎದುರು ‘ಇಲ್ಲ’ ಎಂದು ಬರೆದೆ. ಉಜ್ಜುವ ಮೊದಲು ಒಂದು ಚಿತ್ರ ಬಿಡಿಸಿಕೊಳ್ಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ಕತ್ತಿ ಗಾಜಿನ ಪೆಟ್ಟಿಗೆ ಸೇರಿತು. ‘ಅರಸು ಮನೆತನದಿಂದ ಉಡುಗೊರೆಯಾಗಿ ಬಂದ ಬೇಟೆಗತ್ತಿ’ ಎಂದು ಸರ್ ತಾವೇ ಚೀಟಿ ಬರೆದರು.

ನಾಲ್ಕೈದು ತಿಂಗಳು ಕಳೆದಿರಬೇಕು. ಬಿಳಿ ಮುಂಡು, ಅರ್ಧ ತೋಳಿನ ಅಂಗಿ ಹಾಕಿದ ಒಬ್ಬರು ಬಂದು ಆ ಪೆಟ್ಟಿಗೆಯ ಎದುರು ನಿಂತವರು ಸುಮಾರು ಹೊತ್ತು ಅಲುಗಲಿಲ್ಲ. ಅರುವತ್ತರ ಹತ್ತಿರದ ಪ್ರಾಯ. ಬಲಗೈಯ ಮೇಲೆಲ್ಲ ಕಿಡಿ ಹಾರಿ ಸುಟ್ಟ ಚುಕ್ಕೆಗಳು. ನನ್ನನ್ನು ನೋಡಿ ಹತ್ತಿರ ಬಂದರು. ಅವರು ಮಾತಾಡಿದ್ದೆಲ್ಲ ತುಳುವಿನಲ್ಲಿ. ನಾನು ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

“ಅಕ್ಕ, ನಾನು ವೇಣೂರಿನ ಕೇಶವ ಆಚಾರ್ಯ. ಕಬ್ಬಿಣದ ಕೆಲಸ. ಆ ಕತ್ತಿಯ ಎಡ ಮಗ್ಗುಲು ಒಮ್ಮೆ ನೋಡಬಹುದಾ?”

ನಮ್ಮ ಕಡೆ ಚಿಕ್ಕ ಪ್ರಾಯದ ಹೆಂಗಸರನ್ನೂ ಮರ್ಯಾದೆಗೆ ಅಕ್ಕ ಎನ್ನುತ್ತಾರೆ. ಪೆಟ್ಟಿಗೆಯಲ್ಲಿ ಕತ್ತಿಯ ಬಲ ಮಗ್ಗುಲು ಮಾತ್ರ ಕಾಣುವಂತೆ ಇಟ್ಟಿತ್ತು.

“ಎಂತಕ್ಕೆ?” ಎಂದೆ.

“ಆ ಬೆನ್ನು ಬಾಗಿದ ರೀತಿ ನೋಡಿದ್ರೆ ಅದು ನಮ್ಮ ಅಜ್ಜನ ಕೈ. ಬಾಬು ಆಚಾರ್ಯ ಅಂತ. ಅವರು ಮಡಂತ್ಯಾರಿನ ಒಂದು ಮನೆಗೆ ಹಂದಿಕತ್ತಿ ಮಾಡಿಕೊಟ್ಟಿದ್ದಾರೆ ಅಂತ ಅಪ್ಪ ಹೇಳ್ತಾ ಇದ್ರು. ಹೌದಾದ್ರೆ ಎಡ ಮಗ್ಗುಲಿನಲ್ಲಿ, ಹಿಡಿಯ ಹತ್ತಿರ, ಉಳಿಯಲ್ಲಿ ಹೊಡೆದ ಮೂರು ಗೆರೆ ಉಂಟು. ಕೆಳಗೆ ಒಂದು ಚುಕ್ಕೆ. ಅದು ನಮ್ಮ ಮನೆಯ ಗುರುತು.”

ನಾನು ತಿಕ್ಕಿ ತೆಗೆದ ಗೆರೆಗಳು ಮೂರೇ ಇದ್ದವು. ಚುಕ್ಕೆಯನ್ನು ನಾನು ತುಕ್ಕಿನ ಹೊಂಡ ಎಂದುಕೊಂಡಿದ್ದೆ.

ಮಾತು ಕೇಳಿ ಪದ್ಮರಾಜ ಸರ್ ಕೋಣೆಯಿಂದ ಹೊರಗೆ ಬಂದರು. ವಿಷಯ ತಿಳಿದು ನನ್ನ ಮುಖ ನೋಡಿದರು. ಅವರಿಗೂ ನೆನಪಾಗಿತ್ತು, ನಾನೇ ಕರೆದು ತೋರಿಸಿದ್ದೆನಲ್ಲ. “ಇದು ಅರಸರ ಕಾಲದ್ದು ಆಚಾರ್ರೇ. ಇದರಲ್ಲಿ ಗುರುತು ಎಂತದೂ ಇರಲಿಲ್ಲ. ಇವರೇ ಶುಚಿ ಮಾಡಿದ್ದು, ಕೇಳಿ ಬೇಕಾದ್ರೆ” ಎಂದರು.

ಆಚಾರ್ಯರು ನನ್ನ ಕಡೆ ತಿರುಗಿದರು.

“ಇರಲಿಲ್ಲ” ಎಂದೆ ನಾನು.

ಅವರು ವಾದ ಮಾಡಲಿಲ್ಲ. “ಹಾಗಾದ್ರೆ ನನಗೇ ತಪ್ಪಿದ್ದು” ಎಂದು ಹೇಳಿ, ಹೊರಗೆ ಬಿಟ್ಟ ಚಪ್ಪಲಿ ಹಾಕಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೋದರು. ಆಮೇಲೆ ಸರ್ ನನ್ನ ಹತ್ತಿರ, ‘ಇಂಥದ್ದೆಲ್ಲ ಒಪ್ಪಿಕೊಂಡ್ರೆ ನಾಳೆ ಯಾರೂ ನಮಗೆ ವಸ್ತು ಕೊಡುವುದಿಲ್ಲ’ ಎಂದರು. ತಪ್ಪನ್ನು ಅವರ ತಲೆಗೆ ಕಟ್ಟಲು ಇದನ್ನು ಬರೆಯುತ್ತಿಲ್ಲ. ಇರಲಿಲ್ಲ ಎಂದ ಬಾಯಿ ನನ್ನದು.

ಎರಡು ವಾರ ತಡೆದೆ. ಒಂದು ಭಾನುವಾರ ಬಸ್ಸು ಹತ್ತಿ ವೇಣೂರಿಗೆ ಹೋದೆ. ನಿಜ ಹೇಳಬೇಕೆಂದೇ ಹೊರಟದ್ದು. ಅವರ ಕುಲುಮೆ ರಸ್ತೆಯ ಬದಿಗೇ ಇತ್ತು. ಶೀಟಿನ ಮಾಡು, ಮಧ್ಯೆ ಕಬ್ಬಿಣ ಬಡಿಯುವ ಅಡಿಗಲ್ಲು, ಗೋಡೆಗೆ ತೂಗುಹಾಕಿದ ಇಕ್ಕಳಗಳು. ಆಚಾರ್ಯರು ಒಂದು ಕತ್ತಿಗೆ ಹದ ಕೊಡುತ್ತಿದ್ದರು. ನನ್ನನ್ನು ಕಂಡು, “ಬನ್ನಿ ಅಕ್ಕ, ಕೂತ್ಕೊಳ್ಳಿ” ಎಂದು ಮಣೆ ಕೊಟ್ಟರು. ಮನೆಯಿಂದ ಬೆಲ್ಲ, ನೀರು ಬಂತು. ನಾನು ಬಾಯಿ ತೆರೆದಾಗ ಹೊರಟ ಮಾತು ಬೇರೆಯೇ ಆಗಿತ್ತು.

“ಆಚಾರ್ರೇ, ನನಗೆ ಕಬ್ಬಿಣದ ವಿಷಯ ಏನೂ ಗೊತ್ತಿಲ್ಲ. ಸ್ವಲ್ಪ ಹೇಳಿಕೊಡ್ತೀರಾ?”

“ಅದಕ್ಕೆಂತ? ಬಿಡುವಿದ್ದಾಗ ಬನ್ನಿ” ಎಂದರು.

ಹೀಗೆ, ಹೇಳಲು ಹೋದವಳು ಕಲಿಯಲು ಹೋಗತೊಡಗಿದೆ. ತಿಂಗಳಿಗೆ ಒಂದೋ ಎರಡೋ ಭಾನುವಾರ. ಹನ್ನೊಂದು ವರ್ಷ. ನನ್ನ ವೃತ್ತಿಯಲ್ಲಿ ನನಗೆ ಗೊತ್ತಿರುವುದರಲ್ಲಿ ಹೆಚ್ಚಿನದ್ದನ್ನು ಕಲಿಸಿದ್ದು ಆ ಶೀಟಿನ ಮಾಡು.

ಕತ್ತಿಯ ತೋಡಿನ ವಿಷಯ ಅಲ್ಲೇ ತಿಳಿದದ್ದು. ನಮ್ಮ ಸಂಗ್ರಹಾಲಯದಲ್ಲಿ ಅದನ್ನು ‘ರಕ್ತ ಹರಿಯುವ ಕಾಲುವೆ’ ಎಂದು ಶಾಲೆಯ ಮಕ್ಕಳಿಗೆ ಹೇಳುತ್ತಿದ್ದೆವು. ಮಕ್ಕಳು ‘ಹಾ’ ಎನ್ನುತ್ತಿದ್ದರು. ಆಚಾರ್ಯರು ಕೇಳಿ ನಕ್ಕರು. “ರಕ್ತಕ್ಕೆ ದಾರಿ ತೋರಿಸ್ಬೇಕಾ ಅಕ್ಕ? ಅದು ಭಾರ ಇಳಿಸ್ಲಿಕ್ಕೆ. ಮಧ್ಯದ ಕಬ್ಬಿಣ ಒಳಗೆ ತಳ್ಳಿದ್ರೆ ಅಲಗು ಹಗುರ ಆಗ್ತದೆ, ಆದ್ರೆ ಬಾಗುವುದಿಲ್ಲ. ಈ ಮಾಡಿನ ಶೀಟು ನೋಡಿ, ಅಲೆ ಅಲೆ ಉಂಟಲ್ಲ, ಅದೇ ಲೆಕ್ಕ.”

ಇಡೀ ಕತ್ತಿ ಉಕ್ಕಿನದ್ದಾಗಿರುವುದಿಲ್ಲ ಎಂಬುದೂ ನನಗೆ ಹೊಸದು. ಉಕ್ಕು ಗಟ್ಟಿ, ಹರಿತ ನಿಲ್ಲುತ್ತದೆ, ಆದರೆ ಎಲುಬಿಗೆ ಬಡಿದರೆ ಚಕ್ಕೆ ಹಾರುತ್ತದೆ. ಬರೀ ಕಬ್ಬಿಣ ಬಾಗುತ್ತದೆ, ಮುರಿಯುವುದಿಲ್ಲ. ಹಾಗಾಗಿ ಎರಡು ಮೆತ್ತನೆ ಕಬ್ಬಿಣದ ಪಟ್ಟಿಗಳ ನಡುವೆ ಒಂದು ಉಕ್ಕಿನ ಪಟ್ಟಿ ಇಟ್ಟು, ಬೆಂಕಿಯಲ್ಲಿ ಬೆಳ್ಳಗೆ ಕಾಯಿಸಿ, ಹೊಡೆದು ಒಂದು ಮಾಡುತ್ತಾರೆ. ಹೊಟ್ಟೆಯ ಅಂಚಿನಲ್ಲಿ ಉಕ್ಕು ಹೊರಗೆ ಇಣುಕುತ್ತದೆ. ಹಳೆ ಅಲಗನ್ನು ಓರೆಯಾಗಿ ಬೆಳಕಿಗೆ ಹಿಡಿದರೆ ಎರಡೂ ಸೇರಿದ ಜಾಗದಲ್ಲಿ ಹೊಗೆಯಂಥ ಒಂದು ಗೆರೆ ಕಾಣುತ್ತದೆ. ಶೆಟ್ಟರ ಕತ್ತಿಯಲ್ಲಿ ನಾನು ಅದನ್ನೂ ಕನ್ನಡಿ ಮಾಡಿಬಿಟ್ಟಿದ್ದೆ.

ತುದಿಗೆ ಎರಡೂ ಕಡೆ ಹರಿತ ಯಾಕೆ ಎಂದು ಕೇಳಿದ್ದೆ. ಹಂದಿಯನ್ನು ಕಡಿದು ಕೊಲ್ಲುವುದಿಲ್ಲವಂತೆ. ನಾಯಿಗಳು ಹಿಡಿದು ನಿಲ್ಲಿಸಿದಾಗ ಬದಿಯಿಂದ ಹೋಗಿ ಮುಂಗಾಲಿನ ಹಿಂದೆ ಚುಚ್ಚಬೇಕು. ಹಂದಿ ತಿರುಗಿದರೆ ಕತ್ತಿ ಒಳಗೇ ಸಿಕ್ಕಿಕೊಳ್ಳಬಾರದು. ಎಳೆಯುವಾಗ ಬೆನ್ನಿನ ಹರಿತ ದಾರಿ ಬಿಡಿಸಿಕೊಡುತ್ತದೆ. ಸಿಕ್ಕಿಕೊಂಡರೆ ಮತ್ತೆ ಆ ಮನುಷ್ಯನಿಗೆ ಎರಡನೇ ಅವಕಾಶ ಇಲ್ಲ. ಹೊಟ್ಟೆಯ ಭಾರ ಬೇಕಾಗುವುದು ದಾರಿಯಲ್ಲಿ ಬಳ್ಳಿ, ಮುಳ್ಳು ಕಡಿಯಲಿಕ್ಕೆ. ಕತ್ತಿಯ ಒಂದೊಂದು ತಿರುವಿಗೂ ಕಾಡಿನಲ್ಲಿ ಒಂದೊಂದು ಕಾರಣ ಇತ್ತು. ಆ ಬೇಟೆ ಈಗ ಇಲ್ಲ, ಇರಲೂ ಬಾರದು. ಹಾಗಾಗಿಯೇ ಆ ಕಾರಣಗಳನ್ನು ಬರೆದಿಡುವ ಕೆಲಸ ನಮ್ಮದು.

ಈ ವರ್ಷಗಳಲ್ಲಿ ನಮ್ಮ ಕೆಲಸದ ಕ್ರಮವೂ ಬದಲಾಯಿತು. ಪದ್ಮರಾಜ ಸರ್ ನಿವೃತ್ತರಾಗಿ ಶಮೀಮಾ ಮೇಡಂ ಬಂದರು. ನನಗಿಂತ ಹದಿನೈದು ವರ್ಷ ಸಣ್ಣವರು, ಬಂಟ್ವಾಳದವರು. ಬಂದ ಮೊದಲ ವಾರವೇ ಪಾಲಿಶ್ ಪೇಪರನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ತುಕ್ಕನ್ನು ಪೂರ್ತಿ ತೆಗೆಯಬೇಕಾಗಿಲ್ಲ, ಅದು ಬೆಳೆಯದಂತೆ ನಿಲ್ಲಿಸಿದರೆ ಸಾಕು ಎಂದು ನಾನು ಮೊದಲ ಸಲ ಕೇಳಿದ್ದು ಅವರಿಂದ. ಮೊದಲು ಫೋಟೋ, ಆಮೇಲೆ ಚಿತ್ರ, ಆಮೇಲೆ ಅಳತೆ, ಎಲ್ಲ ಆದ ಮೇಲೆ ಹತ್ತಿಯ ಉಂಡೆ.

ಒಮ್ಮೆ ಶೆಟ್ಟರ ಕತ್ತಿಯ ಹಿಡಿ ಸ್ವಲ್ಪ ಅಲುಗುತ್ತಿತ್ತು. ಹಿಂದಿನ ಕಾಲವಾದರೆ ಬಿಚ್ಚಿ ನೋಡುತ್ತಿದ್ದೆ. ಮೇಡಂ, “ಬಿಚ್ಚುವುದು ಬೇಡ, ಎಕ್ಸ್‌ರೇ ತೆಗೆಸುವ. ಬಿ.ಸಿ. ರೋಡಿನಲ್ಲಿ ನನ್ನ ಪರಿಚಯದ ಕ್ಲಿನಿಕ್ ಉಂಟು” ಎಂದರು. ಕತ್ತಿಯನ್ನು ಬಟ್ಟೆಯಲ್ಲಿ ಸುತ್ತಿ, ಉದ್ದದ ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದೆ. ಕಂಡಕ್ಟರ್ ಚೀಲ ಸರಿಸಲು ಹೋಗಿ, “ಎಂತಮ್ಮ ಇಷ್ಟು ಭಾರ?” ಎಂದ. ಬಾಯಿತಪ್ಪಿ, “ಹಂದಿಕತ್ತಿ” ಎಂದುಬಿಟ್ಟೆ. ಮುಂದಿನ ಸ್ಟಾಪಿನವರೆಗೆ ನನ್ನ ಪಕ್ಕದ ಸೀಟಿಗೆ ಯಾರೂ ಬರಲಿಲ್ಲ.

ಕ್ಲಿನಿಕ್ಕಿನಲ್ಲಿ ಕೈ ಮುರಿದವರು, ಕೆಮ್ಮುವವರು ಎಲ್ಲರ ಜೊತೆ ಸಾಲಿನಲ್ಲಿ ಕುಳಿತೆ. ಎಕ್ಸ್‌ರೇಯವನಿಗೆ ಫಾರಂ ತುಂಬಿಸದೆ ಮೆಷಿನ್ ಮುಟ್ಟುವ ಹಾಗಿಲ್ಲ.

“ಪೇಷಂಟಿನ ಹೆಸರು?”

“ಕತ್ತಿ ಅಂತಲೇ ಬರೀರಿ.”

“ಪ್ರಾಯ?”

“ನೂರು ದಾಟಿರಬಹುದು.”

ಅವನು ಹಾಗೆಯೇ ಬರೆದ. ಆ ಫಾರಂ ಅಂಟಿಸಿದ ಎಕ್ಸ್‌ರೇ ಲಕೋಟೆ ಈಗಲೂ ಸಂಗ್ರಹಾಲಯದ ಫೈಲಿನಲ್ಲಿ ಉಂಟು.

ಫಿಲ್ಮಿನಲ್ಲಿ ಮರದ ಹಿಡಿಯೊಳಗೆ ಇಳಿದ ಕಬ್ಬಿಣದ ಬಾಲ ಸ್ಪಷ್ಟವಾಗಿ ಕಂಡಿತು. ಅದು ಒಂದು ಕಡೆ ತುಂಡಾಗಿ, ಮತ್ತೆ ಬೇರೆ ಕಬ್ಬಿಣ ಸೇರಿಸಿ ಬೆಸೆದದ್ದಿತ್ತು. ಆ ಭಾನುವಾರ ಫಿಲ್ಮನ್ನು ವೇಣೂರಿಗೆ ಒಯ್ದೆ. ಆಚಾರ್ಯರು ಅದನ್ನು ಬಾಗಿಲ ಬೆಳಕಿಗೆ ಹಿಡಿದರು.

“ಇದು ಕೊಕ್ಕೆ ಬೆಸುಗೆ. ಎರಡು ತುದಿಯನ್ನೂ ಕೊಕ್ಕೆಯ ಹಾಗೆ ಬಗ್ಗಿಸಿ, ಒಂದರೊಳಗೆ ಒಂದು ಸಿಕ್ಕಿಸಿ ಹೊಡೆಯುವುದು. ಹೀಗೆ ಮಾಡ್ತಾ ಇದ್ದದ್ದು ಅಪ್ಪ…” ಎಂದವರು ನಿಲ್ಲಿಸಿದರು. “ಯಾವ ಕತ್ತಿ ಇದು?”

“ಅದೇ. ನೀವು ಅವತ್ತು ನೋಡ್ಲಿಕ್ಕೆ ಬಂದದ್ದು.”

ಅವರು ಫಿಲ್ಮನ್ನು ಮಡಚದಂತೆ ಜಾಗ್ರತೆಯಿಂದ ನನ್ನ ಕೈಗೆ ಕೊಟ್ಟರು. “ಅದರಲ್ಲಿ ಗುರುತು ಇಲ್ಲ ಅಂದ ಮೇಲೆ ನನಗೆ ಹೇಳ್ಲಿಕ್ಕೆ ಬರುವುದಿಲ್ಲ” ಎಂದು ಹೇಳಿ ಕೆಲಸಕ್ಕೆ ತಿರುಗಿದರು.

ಅವತ್ತೂ ನಿಜ ಹೇಳದೆ ಫಿಲ್ಮನ್ನು ಲಕೋಟೆಗೆ ಹಾಕಿಕೊಂಡು ಹೊರಟೆ.

ಮರು ವರ್ಷ ಮೇಡಂ ನನ್ನನ್ನು ಒಂದು ವಾರದ ತರಬೇತಿಗೆ ಕಳಿಸಿದರು. ಅಲ್ಲಿ ಒಂದು ಮಧ್ಯಾಹ್ನ, ಪೊಲೀಸರಿಗೆ ಸಾಕ್ಷ್ಯ ಪರೀಕ್ಷೆ ಮಾಡಿಕೊಡುವ ತಜ್ಞರೊಬ್ಬರು ಪಾಠ ಮಾಡಿದರು. ಕದ್ದ ಬೈಕುಗಳ ಇಂಜಿನ್ ನಂಬರನ್ನು ಕಳ್ಳರು ಅರದಿಂದ ತಿಕ್ಕಿ ಅಳಿಸುತ್ತಾರೆ. ಆದರೆ ಅಚ್ಚು ಹೊಡೆದ ಏಟಿಗೆ ಕೆಳಗಿನ ಲೋಹ ಜಜ್ಜಿ ಹೋಗಿರುತ್ತದೆ. ಆ ಜಜ್ಜಿದ ಭಾಗ ಮೇಲಿನ ಅಕ್ಷರಕ್ಕಿಂತ ಆಳಕ್ಕೆ ಇಳಿದಿರುತ್ತದೆ. ತಾಮ್ರದ ಲವಣ ಬೆರೆಸಿದ ಆ್ಯಸಿಡ್ಡನ್ನು ಹತ್ತಿಯಲ್ಲಿ ಸವರಿದರೆ, ಜಜ್ಜಿದ ಲೋಹವನ್ನೂ ಜಜ್ಜದ ಲೋಹವನ್ನೂ ಅದು ಬೇರೆಬೇರೆ ವೇಗದಲ್ಲಿ ತಿನ್ನುತ್ತದೆ. ಅಳಿಸಿದ ನಂಬರು ನೆರಳಿನಂತೆ ಎದ್ದು ಬರುತ್ತದೆ; ಕೆಲವೊಮ್ಮೆ ಒದ್ದೆ ಇರುವಷ್ಟು ಹೊತ್ತು ಮಾತ್ರ.

ನಾನು ಕೈ ಎತ್ತಿ, “ಉಳಿಯಲ್ಲಿ ಹೊಡೆದದ್ದಾದರೆ?” ಎಂದು ಕೇಳಿದೆ.

“ಕೊರೆದದ್ದಾದರೆ ಕಷ್ಟ. ಹೊಡೆದದ್ದಾದರೆ ಸಾಧ್ಯ ಉಂಟು” ಎಂದರು.

ವಾಪಸು ಬಂದ ದಿನವೇ ಶಮೀಮಾ ಮೇಡಂ ಎದುರು ಕುಳಿತು ಎಲ್ಲ ಹೇಳಿದೆ. ಉಜ್ಜಿದ್ದು, ‘ಇಲ್ಲ’ ಎಂದು ಬರೆದದ್ದು, ಆಚಾರ್ಯರ ಮುಖ ನೋಡಿ ಸುಳ್ಳು ಹೇಳಿದ್ದು. ಅವರು ರಿಜಿಸ್ಟರ್ ತೆಗೆದು ಆ ‘ಇಲ್ಲ’ವನ್ನು ಓದಿದರು.

“ಪ್ರಯೋಗ ಮಾಡುವ. ಶೆಟ್ಟರ ಒಪ್ಪಿಗೆ ನಾನು ಕೇಳ್ತೇನೆ. ಆದ್ರೆ ಅದಕ್ಕೆ ಮೊದಲು ನೀವು ವೇಣೂರಿಗೆ ಹೋಗಿ ಹೇಳಿ ಬನ್ನಿ.”

“ಗುರುತು ಬಂದ ಮೇಲೆ ಹೇಳಿದ್ರೆ ಆಗುದಿಲ್ವಾ ಮೇಡಂ?”

“ಬರದಿದ್ರೆ ಹೇಳುವುದಿಲ್ವಾ?”

ಆ ಭಾನುವಾರವೇ ವೇಣೂರಿನ ಬಸ್ಸು ಹತ್ತಿದೆ.

ಆಚಾರ್ಯರಿಗೆ ಹೇಗೆ ಹೇಳಿದೆ ಎಂದು ನನಗೆ ಸರಿಯಾಗಿ ನೆನಪಿಲ್ಲ. ಕುಲುಮೆಯಲ್ಲಿ ನಾವಿಬ್ಬರೇ ಇದ್ದೆವು. ಬೆಂಕಿಗೆ ಗಾಳಿ ಹಾಕುವ ಬ್ಲೋವರ್ ತಿರುಗುತ್ತಿತ್ತು. ನಾನು ಹೇಳಿ ಮುಗಿಸಿದಾಗ ಅವರು ಎದ್ದು ಅದನ್ನು ಬಂದ್ ಮಾಡಿದರು.

“ಮೂರು ಗೆರೆ ಇತ್ತು?”

“ಇತ್ತು.”

“ಚುಕ್ಕೆ?”

“ಇತ್ತು ಆಚಾರ್ರೇ. ನನಗೆ ಅದು ಗುರುತು ಅಂತ ಗೊತ್ತಾಗಲಿಲ್ಲ. ಆದ್ರೆ ನೀವು ಬಂದಾಗ ಗೊತ್ತಾಯ್ತು. ಗೊತ್ತಾಗಿಯೇ ಇಲ್ಲ ಅಂದೆ.”

ಅವರು ಅಡಿಗಲ್ಲಿನ ಮೇಲೆ ಕೈ ಊರಿ ನಿಂತರು. ದನಿ ಏರಿಸಲಿಲ್ಲ. “ಅವತ್ತು ಮನೆಗೆ ಬಂದು ಅಣ್ಣನ ಹತ್ತಿರ, ಅಲ್ಲಿ ಗುರುತು ಇಲ್ಲ ಅಂದೆ. ಅಣ್ಣ ನಕ್ಕ. ಅಪ್ಪ ಬರೀ ಬಡಾಯಿ, ನೀನು ಎಲ್ಲ ನಂಬಿದಿ ಅಂದ. ಅವತ್ತಿಂದ ನಾನು ಆ ಕತೆ ಯಾರಿಗೂ ಹೇಳ್ಲಿಲ್ಲ. ನನ್ನ ಮೊಮ್ಮಕ್ಕಳಿಗೂ ಹೇಳ್ಲಿಲ್ಲ. ಅಪ್ಪ ಸುಳ್ಳು ಹೇಳಿದ್ರು ಅಂತ ಎಣಿಸಿಕೊಂಡು ಹನ್ನೊಂದು ವರ್ಷ ಕಳೆದೆ. ನೀವು ಇಲ್ಲಿಯೇ, ಈ ಮಣೆಯ ಮೇಲೆಯೇ ಕೂತಿದ್ರಿ.”

ನಾನು ಏನೋ ಹೇಳಲು ಹೋದೆ.

“ನೀವು ಹೋಗಿ ಅಕ್ಕ” ಎಂದರು.

ಪ್ರಯೋಗದ ದಿನ ಗೊತ್ತಾದಾಗ ಒಂದು ಕಾರ್ಡು ಬರೆದು ತಿಳಿಸಿದೆ. ಉತ್ತರ ಬರಲಿಲ್ಲ. ಆ ಬೆಳಿಗ್ಗೆ ಸಂಜೀವ ಶೆಟ್ಟರು ಮೊದಲೇ ಬಂದಿದ್ದರು, ಸ್ವಲ್ಪ ಅಸಮಾಧಾನದಲ್ಲಿ. ಅರಸರ ಕತೆಯನ್ನು ಅವರು ಮಕ್ಕಳ ಮದುವೆಯಲ್ಲೆಲ್ಲ ಬೀಗರಿಗೆ ಹೇಳಿದ್ದರು. ಶಮೀಮಾ ಮೇಡಂ ಕ್ಯಾಮರಾವನ್ನು ಸ್ಟ್ಯಾಂಡಿಗೆ ಸಿಕ್ಕಿಸಿದರು. ನಾನು ಕೈಗವಸು ಹಾಕುವಾಗ ಬಾಗಿಲಲ್ಲಿ ಆಚಾರ್ಯರು ನಿಂತಿದ್ದರು. ನನ್ನನ್ನು ದಾಟಿ ಬಂದು, ಮೇಡಂ ಕೊಟ್ಟ ಕುರ್ಚಿಯಲ್ಲಿ ಕುಳಿತರು.

ಹತ್ತಿಯನ್ನು ಆ ಆ್ಯಸಿಡ್ಡಿನಲ್ಲಿ ಅದ್ದಿ, ಗುರುತಿದ್ದ ಉಗುರಿನಷ್ಟು ಜಾಗದಲ್ಲಿ ಸವರಿದೆ. ಮೊದಲು ಕಬ್ಬಿಣ ಕೆಂಪಗಾಯಿತು, ಒರೆಸಿದೆ. ಮತ್ತೆ ಸವರಿದೆ. ಏನಿಲ್ಲ. ಅರ್ಧ ಗಂಟೆ ಹೀಗೇ. ಜಾಸ್ತಿ ಸವರಿದರೆ ಅಲಗು ಇನ್ನಷ್ಟು ಹಾಳಾಗುತ್ತದೆ. ಹತ್ತು ಸಲ ಮಾತ್ರ ಎಂದು ನಾನೂ ಮೇಡಂ ಅವರೂ ಮೊದಲೇ ಒಪ್ಪಿಕೊಂಡಿದ್ದೆವು. ಏಳನೆಯದಕ್ಕೆ ಒಂದು ಮಸುಕು ಗೆರೆ ಕಂಡಂತಾಯಿತು, ಒಣಗುವಾಗ ಹೋಯಿತು. ಎಂಟನೆಯದಕ್ಕೆ ಎರಡು ಗೆರೆ, ಅವುಗಳ ಕೆಳಗೆ ದುಂಡಗೆ ಒಂದು ಕಪ್ಪು. ಕ್ಯಾಮರಾ ಸದ್ದು ಮಾಡಿತು. ಮೂರನೆಯ ಗೆರೆಗಾಗಿ ಇನ್ನೆರಡು ಸಲ ಸವರಿದೆ. ಅದು ಬರಲಿಲ್ಲ, ಅಷ್ಟು ಆಳಕ್ಕೆ ನಾನು ತಿಕ್ಕಿದ್ದೆ.

ಆಚಾರ್ಯರು ಎದ್ದು ಬಂದು ಬಗ್ಗಿ ನೋಡಿದರು. ಅಷ್ಟರಲ್ಲಿ ಅಲಗು ಒಣಗಿತ್ತು. ಮೇಡಂ ಕ್ಯಾಮರಾದ ಪರದೆಯಲ್ಲಿ ತೋರಿಸಿದರು.

“ಎರಡೇ ಗೆರೆ ಅಲ್ವಾ?” ಎಂದರು ಶೆಟ್ಟರು. “ಅವರದ್ದು ಮೂರು ಅಂತಲ್ಲ ಹೇಳಿದ್ದು?”

ಆಚಾರ್ಯರು ಮೇಡಂ ಕಡೆ ನೋಡಿ, “ಒಮ್ಮೆ ಕೈಯಲ್ಲಿ ಹಿಡಿಯಬಹುದಾ?” ಎಂದು ಕೇಳಿದರು. ಅಷ್ಟು ವರ್ಷಗಳಲ್ಲಿ ಆ ಕತ್ತಿಯನ್ನು ನಾವು ಅವರ ಕೈಗೆ ಒಮ್ಮೆಯೂ ಕೊಟ್ಟಿರಲಿಲ್ಲ. ನಾನು ಅಲಗನ್ನು ತೊಳೆದು ಒರೆಸಿ ಕೊಟ್ಟೆ. ಅವರು ಬಲಗೈಯಲ್ಲಿ ಹಿಡಿದರು, ತೂಗಿದರು, ಹೆಬ್ಬೆರಳನ್ನು ಕತ್ತಿಯ ಬಾಯಿಗೆ, ಆ ಹರಿತದ ಅಂಚಿಗೆ, ಅಡ್ಡವಾಗಿ ಸವರಿದರು. ಆಮೇಲೆ ಎಡಗೈಗೆ ದಾಟಿಸಿ ಒಮ್ಮೆ ಗಾಳಿಯಲ್ಲಿ ಇಳಿಸಿದರು.

“ಶೆಟ್ರೇ, ನಿಮ್ಮ ಅಜ್ಜ ಎಡಚರಾ?”

ಶೆಟ್ಟರು ಕಣ್ಣು ಅರಳಿಸಿದರು. “ಹೌದು! ಊಟಕ್ಕೆ ಮಾತ್ರ ಬಲಗೈ. ಅದಕ್ಕೂ ಸಣ್ಣದಿರುವಾಗ ಪೆಟ್ಟು ತಿಂದು ಕಲಿತದ್ದಂತೆ. ನಿಮಗೆ ಯಾರು ಹೇಳಿದ್ದು?”

“ಕತ್ತಿ ಹೇಳ್ತದೆ. ಬಲಗೈಯವರಿಗಾದ್ರೆ ಬಾಯಿಯ ಇಳಿಜಾರು ಬಲ ಮಗ್ಗುಲಿಗೆ ಹೆಚ್ಚು ಇಡ್ತೇವೆ. ಇದಕ್ಕೆ ಎಡಕ್ಕೆ ಇಟ್ಟಿದ್ದಾರೆ. ಅರಸರು ಉಡುಗೊರೆ ಕೊಡುವಾಗ ಕೈ ಯಾವುದು ಅಂತ ಕೇಳುವುದಿಲ್ಲ. ಇದು ನಿಮ್ಮ ಅಜ್ಜ ನಮ್ಮ ಕುಲುಮೆಗೆ ಬಂದು, ಎದುರು ನಿಂತು, ತನ್ನ ಕೈಗೆ ಬೇಕು ಅಂತ ಮಾಡಿಸಿದ್ದು.”

ಆ ಇಳಿಜಾರನ್ನು ನಾನೂ ನೋಡಿದ್ದೆ. ‘ಮಸೆದು ಮಸೆದು ಒಂದು ಕಡೆ ಸವೆದಿದೆ’ ಎಂದು ರಿಜಿಸ್ಟರಿನಲ್ಲಿ ಬರೆದಿದ್ದೆ.

ಶೆಟ್ಟರು ಕತ್ತಿಯನ್ನು ಇಸಿದುಕೊಂಡು ತಮ್ಮ ಎಡಗೈಯಲ್ಲಿ ಹಿಡಿದು ನೋಡಿದರು. “ಅಜ್ಜನ ಕೈ ಇಷ್ಟು ದೊಡ್ಡದಿತ್ತಾ!” ಎಂದರು. ಅರಸರ ಮಾತು ಮತ್ತೆ ಎತ್ತಲಿಲ್ಲ.

ಹೊಸ ಚೀಟಿ ಬರೆಯುವಾಗ ತಕರಾರು ಬಂತು. ವೇಣೂರಿನ ಬಾಬು ಆಚಾರ್ಯರು ಮಡಂತ್ಯಾರಿನ ಎಡಗೈಯ ಬೇಟೆಗಾರನಿಗೆ ಮಾಡಿಕೊಟ್ಟದ್ದು ಎಂಬುದಕ್ಕೆ ಯಾರ ವಿರೋಧವೂ ಇರಲಿಲ್ಲ. ಕೆಳಗೆ ನಾನು ಇನ್ನೊಂದು ಸಾಲು ಸೇರಿಸಿದ್ದೆ: ‘ತಯಾರಕನ ಗುರುತು ಈ ಸಂಗ್ರಹಾಲಯದಲ್ಲಿ ಶುಚಿ ಮಾಡುವಾಗ ಅಳಿಸಿಹೋಗಿದೆ.’ ಸಂಗ್ರಹಾಲಯದ ಆಡಳಿತ ಸಮಿತಿಯವರಿಗೆ ಅದು ಬೇಡ. ನಮ್ಮ ಮರ್ಯಾದೆ ನಾವೇ ತೆಗೆಯುವುದು ಎಂತಕ್ಕೆ ಎಂದರು. ಪಕ್ಕದಲ್ಲಿಟ್ಟ ಫೋಟೋದಲ್ಲಿ ಎರಡೇ ಗೆರೆ ಯಾಕೆ ಎಂದು ನೋಡಿದವರು ಕೇಳುತ್ತಾರೆ, ಆಗ ಏನು ಹೇಳುವುದು ಎಂದು ಶಮೀಮಾ ಮೇಡಂ ಕೇಳಿದರು. ಎರಡು ಸಭೆ ಕಳೆದ ಮೇಲೆ ಆ ಸಾಲು ಉಳಿಯಿತು. ರಿಜಿಸ್ಟರಿನಲ್ಲಿ ‘ಇಲ್ಲ’ ಎಂಬುದನ್ನು ನಾನು ಹೊಡೆದುಹಾಕಲಿಲ್ಲ. ಅದರ ಪಕ್ಕದಲ್ಲಿ ನಡೆದದ್ದನ್ನು ಬರೆದು ಸಹಿ ಮಾಡಿದೆ. ಹೊಸಬರು ತೆರೆದು ನೋಡಬಹುದು.

ವೇಣೂರಿನಿಂದ ಬಹಳ ದಿನ ಕರೆ ಬರಲಿಲ್ಲ. ನಾನೂ ಹೋಗಲಿಲ್ಲ. ಹೋಗುವ ಮುಖ ಇರಲಿಲ್ಲ.

ಮಳೆಗಾಲ ಮುಗಿದ ಮೇಲೆ ಒಂದು ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಸಂಗ್ರಹಾಲಯದ ಎದುರು ರಿಕ್ಷಾ ನಿಂತಿತು. ಆಚಾರ್ಯರು ಇಳಿದು, ತಮಗಿಂತ ಪ್ರಾಯದ ಒಬ್ಬರನ್ನು ಕೈ ಹಿಡಿದು ಇಳಿಸಿದರು. ಅವರ ಅಣ್ಣ. ಎಂಬತ್ತರ ಹತ್ತಿರ ಇರಬಹುದು, ಕೈಯಲ್ಲಿ ಕೋಲು. ಇಬ್ಬರೂ ನಿಧಾನವಾಗಿ ನಡೆದು ಆ ಪೆಟ್ಟಿಗೆಯ ಎದುರು ನಿಂತರು. ನಾನು ನನ್ನ ಮೇಜಿನಿಂದಲೇ ನೋಡುತ್ತಿದ್ದೆ.

“ಓದು” ಎಂದರು ತಮ್ಮ.

ಅಣ್ಣ ಕನ್ನಡಕ ಹಾಕಿಕೊಂಡು, ಶಾಲೆಯ ಮಕ್ಕಳಂತೆ ಒಂದೊಂದೇ ಶಬ್ದ ಬಿಡಿಸಿ ಗಟ್ಟಿಯಾಗಿ ಓದಿದರು. ಅಜ್ಜನ ಹೆಸರಿನಲ್ಲಿ ಒಮ್ಮೆ ನಿಂತರು. ಮುಂದೆ ಓದಿ ಕೊನೆಯ ಸಾಲಿಗೆ ಬಂದಾಗ ಹುಬ್ಬು ಗಂಟಿಕ್ಕಿತು.

“ಅಳಿಸಿದ್ದು ಯಾರು?”

ಕೇಶವ ಆಚಾರ್ಯರು ನನ್ನ ಕಡೆ 	ನೋಡಿದರು. ನಾನು ಎದ್ದು ಅವರ ಹತ್ತಿರ ಹೋದೆ.

“ನಾನು” ಎಂದೆ.

ಹಿರಿಯರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಆಮೇಲೆ ಮತ್ತೆ ಗಾಜಿನ ಕಡೆ ತಿರುಗಿ ಕತ್ತಿಯನ್ನು ನೋಡತೊಡಗಿದರು. ಆಚಾರ್ಯರು ಪಕ್ಕಕ್ಕೆ ಸರಿದು, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಕೇಳಿದರು:

“ಅಣ್ಣನಿಗೆ ಜಾಸ್ತಿ ಹೊತ್ತು ನಿಲ್ಲಲಿಕ್ಕೆ ಆಗುವುದಿಲ್ಲ. ಒಂದು ಕುರ್ಚಿ ಉಂಟಾ ಅಕ್ಕ?”

ನಾನು ಓಡಿ ಹೋಗಿ ಎರಡು ತಂದೆ.